ತೋಳಿನ ಮೇಲಿನ ಹುಂಜ

ಸೈನ್ಯಕ್ಕೆ ಹೋಗಿಬಂದ ಮುತ್ಯಾನ ಫೋಟೋದ ಕೆಳಗೆ ನಾವು ಬರೆಯುವ ಎರಡು ಸಾಲೂ ಬರವಣಿಗೆಯೇ. ಕಥೆ, ಕವಿತೆ, ನಾಟಕವನ್ನು ಚರ್ಚಿಸುವಂತೆ ಅದನ್ನೂ ಚರ್ಚಿಸಬೇಕು, ತೂಗಿ ನೋಡಬೇಕು. ಯಾಕಂದ್ರ ಕಥೆ ಓದುವವರಿಗಿಂತ ಆ ಎರಡು ಸಾಲು ಓದುವವರು ನಮ್ಮ ಊರುಗಳಲ್ಲಿ ಹೆಚ್ಚು, ಓದಿದ್ದನ್ನು ನಂಬುವವರು ಇನ್ನೂ ಹೆಚ್ಚು. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಊರುಗಳಲ್ಲಿ ಆಗಸ್ಟ್ 15, ಜನವರಿ 26 ಬಂತಂದ್ರ ಸಾಲಿಯ ಗೋಡೆಗೆ, ವಾಚನಾಲಯದ ಪಡಸಾಲೆಗೆ ಇಂಥ ಫೋಟೋ ಬರುತ್ತವೆ. ಮನೆಮನೆಯಿಂದ ಹುಡುಗರು ಎದೆಗವಚಿಕೊಂಡು ತರುತ್ತಾರೆ. ಮಾಸ್ತರು ಸ್ಕೆಚ್ ಪೆನ್ನಿನಿಂದ ಅಡಿಬರಹ ಬರೆದು ಅಂಟಿಸುತ್ತಾರೆ. ಹೆಚ್ಚಿನವುಗಳ ಕೆಳಗೆ ಒಂದೇ ಮಾತು: ‘ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಶೌರ್ಯ ಮೆರೆದ ವೀರಯೋಧ.’ ಕೆಲವು ಕಡೆ ಬರ್ಮಾ ಹೋಗಿ ಆಫ್ರಿಕಾ ಆಗಿರುತ್ತದೆ. ಒಂದೆರಡು ಕಡೆ ‘ನೇತಾಜಿಯವರ ಸೇನೆಯಲ್ಲಿದ್ದವರು’ ಎಂದೂ ಇರುತ್ತದೆ.

ಇದಕ್ಕೆ ಆಧಾರ ಏನ್ರಿ ಅಂತ ಕೇಳಿದರೆ ಎಲ್ಲರೂ ತೋಳಿನ ಕಡೆ ಬೆರಳು ಮಾಡುತ್ತಾರೆ. ಅಂಗಿಯ ತೋಳಿಗೆ, ಭುಜದಿಂದ ನಾಲ್ಕು ಬೆರಳು ಕೆಳಗೆ, ಒಂದು ಬಟ್ಟೆಯ ಬಿಲ್ಲೆ ಹೊಲಿದಿರುತ್ತದೆ. ಹುಲಿಯೋ, ಹದ್ದೋ, ಹುಂಜವೋ, ಕತ್ತಿ ಹಿಡಿದ ಕೈಯೋ. ಈ ಬಿಲ್ಲೆಗಳ ಅಚ್ಚಾದ ಪಟ್ಟಿಗಳು ಸಿಗುತ್ತವೆ. ಅದರಲ್ಲಿ ಹುಡುಕಿ, ಹೋಲುವುದನ್ನು ಗುರುತು ಮಾಡಿ, ಆ ಚಿತ್ರದ ಪಕ್ಕ ಯಾವ ಯುದ್ಧದ ಹೆಸರಿದೆಯೋ ಅದನ್ನು ಮುತ್ಯಾನಿಗೆ ಹಚ್ಚಿಬಿಡುತ್ತೇವೆ. ಹುಡುಕುವ ಶ್ರಮಕ್ಕೆ ನನ್ನ ಗೌರವ ಇದೆ. ತಕರಾರು ಇರುವುದು ಹಚ್ಚುವ ಕೆಲಸದ ಬಗ್ಗೆ.

ಮೊದಲು ಈ ಬಿಲ್ಲೆ ಯಾವುದರ ಗುರುತು ಎಂದು ತಿಳಿಯಬೇಕು. ಟೊಪ್ಪಿಗಿಯ ಮೇಲಿನ ಲೋಹದ ಬಿಲ್ಲೆ ರೆಜಿಮೆಂಟಿನದು, ಅಂದರೆ ನಮ್ಮವರು ಹೇಳುವ ಪಲ್ಟಣದ್ದು. ತೋಳಿನ ಬಟ್ಟೆಯ ಬಿಲ್ಲೆ ಡಿವಿಜನ್ನಿನದು. ಒಂದು ಬಟಾಲಿಯನ್ನಿನಲ್ಲಿ ಸುಮಾರು 800 ಜನ. ಮೂರ‍್ನಾಲ್ಕು ಬಟಾಲಿಯನ್ ಕೂಡಿ ಬ್ರಿಗೇಡು, ಮೂರು ಬ್ರಿಗೇಡು ಮತ್ತು ತೋಪು, ಇಂಜಿನಿಯರು, ದವಾಖಾನೆ, ಲಾರಿ ಎಲ್ಲ ಕೂಡಿ ಹದಿನೈದು ಸಾವಿರದ ಸುತ್ತಮುತ್ತಲಿನ ಜನರ ಡಿವಿಜನ್. ಅದರಲ್ಲಿ ಪಂಜಾಬಿ ಇರುತ್ತಾನೆ, ಗೂರ್ಖಾ ಇರುತ್ತಾನೆ, ಇಂಗ್ಲೆಂಡಿನ ಗೋರಾ ಇರುತ್ತಾನೆ. ಎಲ್ಲರ ತೋಳಿಗೂ ಒಂದೇ ಬಿಲ್ಲೆ. ಪಂಢರಪುರದ ವಾರಿ ಬಲ್ಲ ನಮಗೆ ಇದು ತಿಳಿಯದ ವಿಷಯ ಅಲ್ಲ. ಟೊಪ್ಪಿಗಿ ಬಿಲ್ಲೆ ಮನೆತನ ಹೇಳುತ್ತದೆ. ತೋಳಬಿಲ್ಲೆ ಆ ವರ್ಷ ಯಾವ ದಿಂಡಿಯ ಜೊತೆ ನಡೆದ ಎಂಬುದನ್ನು ಹೇಳುತ್ತದೆ. ಮುಂದಿನ ವರ್ಷ ಅದೇ ಮನುಷ್ಯ ಬೇರೆ ದಿಂಡಿಯಲ್ಲಿರಬಹುದು.

ಮರಾಠಾ ಪಲ್ಟಣವನ್ನೇ ತಗೊಳ್ಳೋಣ. ಅದರ ಕೇಂದ್ರ ಬೆಳಗಾವಿ. ಯುದ್ಧಕಾಲದಲ್ಲಿ ಅದರ ಹೆಸರು 5ನೇ ಮರಾಠಾ ಲೈಟ್ ಇನ್‌ಫಂಟ್ರಿ. ಅದರ 1ನೇ ಬಟಾಲಿಯನ್ 8ನೇ ಡಿವಿಜನ್ನಿನ ಜೊತೆ ಇಟಲಿಯಲ್ಲಿ ಕಾದಿತು. 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ಏರಿಯ ಮೇಲೆ ವಿಕ್ಟೋರಿಯಾ ಕ್ರಾಸ್ ಗಳಿಸಿದ ಸಿಪಾಯಿ ನಾಮದೇವ ಜಾಧವ ಆ ಬಟಾಲಿಯನ್ನಿನವರು. 2ನೇ ಬಟಾಲಿಯನ್ 4ನೇ ಡಿವಿಜನ್ನಿನ 11ನೇ ಬ್ರಿಗೇಡಿನಲ್ಲಿದ್ದು ಉತ್ತರ ಆಫ್ರಿಕಾದ ಮರುಭೂಮಿಗೆ ಹೋಯಿತು. 1942ರ ಜೂನ್‌ನಲ್ಲಿ ತೋಬ್ರುಕ್ ಬಿದ್ದಾಗ ಶತ್ರುವಿನ ಸೆರೆಯಾಯಿತು. 3ನೇ ಬಟಾಲಿಯನ್ 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ 5ನೇ ಡಿವಿಜನ್ನಿನ ಜೊತೆ ಇತ್ತು. ಅದೇ ಬಟಾಲಿಯನ್ 1944ಕ್ಕೆ 10ನೇ ಡಿವಿಜನ್ನಿನಲ್ಲಿ ಇಟಲಿಗೆ ಬಂದಿತ್ತು. 1944ರ ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಪ್ರಾಣಕೊಟ್ಟು ವಿಕ್ಟೋರಿಯಾ ಕ್ರಾಸ್ ಪಡೆದ ನಾಯಕ್ ಯಶವಂತ ಘಾಡಗೆ ಇದರವರು. 4 ಮತ್ತು 6ನೇ ಬಟಾಲಿಯನ್‌ಗಳು 23ನೇ ಡಿವಿಜನ್ನಿನ 49ನೇ ಬ್ರಿಗೇಡಿಗೆ ಸೇರಿದವು. ಅವರ ದಾರಿ ಇಟಲಿಯ ಕಡೆ ಅಲ್ಲ, ಇಂಫಾಳದ ಕಡೆ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಉಂಟು. ಒಂದೇ ಓಣಿಯಿಂದ, ಒಂದೇ ದಿನ ಭರ್ತಿಯಾಗಿ, ಒಂದೇ ಟೊಪ್ಪಿಗಿ ಬಿಲ್ಲೆ ಹಚ್ಚಿಕೊಂಡ ನಾಲ್ವರು ಗೆಳೆಯರ ತೋಳಿಗೆ ನಾಲ್ಕು ನಮೂನೆ ಬಿಲ್ಲೆ ಇರಬಹುದು. 3ನೇ ಬಟಾಲಿಯನ್ನಿನ ಒಬ್ಬನೇ ಮನುಷ್ಯನ ಎರಡು ಫೋಟೋಗಳಲ್ಲಿ ಎರಡು ಬಿಲ್ಲೆ ಇರಬಹುದು. ಮನೆಯವರು ಆಗ ‘ಇವರಲ್ಲಿ ಒಬ್ಬರು ಬೇರೆಯವರಿರಬೇಕು’ ಅಂದರೆ ತಪ್ಪಾಗುತ್ತದೆ. ‘ಮರಾಠಾ ಪಲ್ಟಣದವರು, ಆದ್ದರಿಂದ ಕೆರೆನ್ ಗೆದ್ದವರು’ ಎಂದು ಬರೆದರೂ ತಪ್ಪೇ.

ಇನ್ನು ಫೋಟೋದ ವಿಚಾರ. ಬಿಲ್ಲೆಯ ಪಟ್ಟಿ ಬಿಚ್ಚುವ ಮೊದಲು ಈ ಫೋಟೋಕ್ಕೆ ಏನು ಕಾಣುತ್ತಿತ್ತು ಎಂದು ಕೇಳಬೇಕು. ಹಳೆಯ ಕಪ್ಪು-ಬಿಳುಪು ಫೋಟೋದಲ್ಲಿ ಆಯಿಯ ಹಣೆಯ ಕುಂಕುಮ ನೋಡ್ರಿ. ಕಾಡಿಗೆ ಬೊಟ್ಟಿನ ಹಾಗೆ ಕರ‍್ರಗಿರುತ್ತದೆ. ಯಾರೂ ಕರಿ ಕುಂಕುಮ ಹಚ್ಚುತ್ತಿರಲಿಲ್ಲ. ಆಗಿನ ಅನೇಕ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬಣ್ಣ ತಿಳಿಯುತ್ತಿರಲಿಲ್ಲ, ಅಷ್ಟೇ. ಸ್ಟುಡಿಯೋದವರು ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬು ಹಾಕಿಕೊಂಡು ಕೆಲಸ ಮಾಡುತ್ತಿದ್ದದ್ದು ಇದಕ್ಕೇ: ಆ ಬೆಳಕು ಪ್ಲೇಟಿಗೆ ಕತ್ತಲೆಯಿದ್ದ ಹಾಗೆ. ನೀಲಿಯದು ಇದಕ್ಕೆ ತಿರುಗಾಮುರುಗಾ. ನೀಲಿ ಆಕಾಶ ಆ ಫೋಟೋಗಳಲ್ಲಿ ಬಿಳಿ ಗೋಡೆಯಂತೆ ಬರುತ್ತದೆ. ಮುಂದೆ ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲ್ಮು ಬಂದರೂ ಸಣ್ಣ ಊರಿನ ಸ್ಟುಡಿಯೋಗಳಲ್ಲಿ ಹಳೆಯದು ಒಮ್ಮೆಲೇ ಹೋಗಲಿಲ್ಲ.

ಇದನ್ನು ಬಿಲ್ಲೆಗೆ ಹಚ್ಚಿ ನೋಡೋಣ. 5ನೇ ಡಿವಿಜನ್ನಿನ ಗುರುತು ಕಪ್ಪು ಬಟ್ಟೆಯ ಮೇಲೆ ಒಂದು ಕೆಂಪು ದುಂಡು. ‘ಬೆಂಕಿಚೆಂಡು’ ಎಂಬ ಅರ್ಥದ ಹೆಸರಿನಿಂದಲೇ ಆ ಡಿವಿಜನ್ ಪ್ರಸಿದ್ಧ. ಅಂಥ ಪ್ಲೇಟಿನಲ್ಲಿ ಕಪ್ಪಿನ ಮೇಲೆ ಕಪ್ಪು. ಬೆಂಕಿ ಆರಿ, ತೋಳಿಗೆ ಒಂದು ಕರಿ ಚೌಕ ಮಾತ್ರ ಉಳಿಯುತ್ತದೆ. ನೋಡಿದವರು ತೇಪೆ ಎನ್ನುತ್ತಾರೆ, ಇಲ್ಲವೇ ಶೋಕದ ಪಟ್ಟಿ ಎನ್ನುತ್ತಾರೆ. 4ನೇ ಡಿವಿಜನ್ನಿನ ಕೆಂಪು ಹದ್ದಿಗೂ ಇದೇ ಗತಿ. ಕರಿ ನೆಲದಲ್ಲಿ ರೆಕ್ಕೆ ಮುಳುಗಿಹೋಗುತ್ತದೆ. 26ನೇ ಡಿವಿಜನ್ನಿನದು ನೀಲಿ ತ್ರಿಕೋನದೊಳಗಿಂದ ಹೊರಗೆ ಕಾಲಿಡುವ ಹುಲಿ. ಅಲ್ಲಿ ತ್ರಿಕೋನ ಬೆಳ್ಳಗಾಗಿ ಬರುತ್ತದೆ. ಬಣ್ಣದ ಪಟ್ಟಿ ಕೈಯಲ್ಲಿ ಹಿಡಿದು ‘ಬಿಳಿ ತ್ರಿಕೋನ’ ಹುಡುಕುತ್ತ ಕೂತರೆ ಸಂಜೆಯಾದರೂ ಸಿಗುವುದಿಲ್ಲ. 23ನೇ ಡಿವಿಜನ್ನಿನ ಕೆಂಪು ಹುಂಜ ಹಳದಿ ದುಂಡಿನ ಮೇಲೆ ನಿಂತದ್ದು. ಹಳದಿ ಎಷ್ಟು ತಿಳಿಯಾಗಿ ಬಂದಿದೆ ಎಂಬುದರ ಮೇಲೆ ಅದು ಕರಿಹುಂಜವಾಗಿಯೂ ಕಾಣಬಹುದು, ಗುರುತೇ ಸಿಗದ ಕಲೆಯಾಗಿಯೂ ಕಾಣಬಹುದು.

ಕರಿ ಚೌಕ ಕಂಡರೆ ಬಿಡಬೇಡಿರಿ. ಬಿಸಿಲಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಕೆಲವು ಸಲ ಕಸೂತಿಯ ದಾರದ ಏರು, ದುಂಡಿನ ಅಂಚು ಕಾಣಸಿಗುತ್ತದೆ. ಕಟ್ಟಿನ ಗಾಜಿನಿಂದ ಫೋಟೋ ಕೀಳುವ ಸಾಹಸ ಮಾತ್ರ ಬೇಡ. ಹಳೆಯ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಮುಖವೇ ಸುಲಿದು ಬರುತ್ತದೆ.

ಇಲ್ಲಿಯೇ ಇನ್ನೊಂದು ಮಾತು ಕಟುವಾಗಿ ಹೇಳಬೇಕಾಗಿದೆ. ಈಗ ಹಳೆಯ ಫೋಟೋಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿಸಿ ದೊಡ್ಡದು ಮಾಡಿಸುವುದು ಹೆಚ್ಚಾಗಿದೆ. ಕೆನ್ನೆಗೆ ಗುಲಾಬಿ, ಅಂಗಿಗೆ ಹಸಿರು, ಬಿಲ್ಲೆಗೆ ಹಳದಿಯೋ ನೀಲಿಯೋ ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಯಂತ್ರಕ್ಕೆ ಕಂಡದ್ದು ಬೂದು ಬಣ್ಣ ಒಂದೇ. ಕೆಂಪು, ಕರಿ, ಕಡುನೀಲಿ ಮೂರೂ ಅದಕ್ಕೆ ಒಂದೇ ಬೂದು. ಅದು ಹಾಕಿದ ಹಳದಿಗೆ ಮುತ್ಯಾನ ತೋಳಿನ ಹಳದಿಗೆ ಸಂಬಂಧ ಇಲ್ಲ. ಮೊದಲೂ ಸ್ಟುಡಿಯೋದಲ್ಲಿ ಕುಂಚದಿಂದ ಬಣ್ಣ ಹಚ್ಚುತ್ತಿದ್ದರು. ಆ ಕಲಾವಿದನಾದರೂ ಗಿರಾಕಿಯನ್ನು ಎದುರಿಗೆ ಕೂಡಿಸಿಕೊಂಡು ‘ಇದು ಯಾವ ಬಣ್ಣರೀ’ ಎಂದು ಕೇಳಬಹುದಿತ್ತು. ಬಣ್ಣ ಹಾಕಿದ ಪ್ರತಿಯನ್ನು ಆಧಾರ ಮಾಡಿಕೊಂಡು ಬರೆದ ಅಡಿಬರಹವನ್ನು ಗೋಡೆಯಿಂದ ಇಳಿಸಬೇಕು ಎಂಬುದೇ ನನ್ನ ನಿಲುವು. ಮಸುಕಾಗಿದ್ದರೂ ಮೂಲ ಪ್ರತಿಯೇ ಸಾಕ್ಷಿ.

ಇನ್ನು ಆಕಾರದ ಗೊಂದಲ. 19ನೇ ಡಿವಿಜನ್ನಿನದು ಕಠಾರಿ ಎತ್ತಿದ ಕೈ. ಬೆಂಗಳೂರಿನಲ್ಲಿ 1942ರಲ್ಲಿ ಕಟ್ಟಿದ 20ನೇ ಡಿವಿಜನ್ನಿನದು ಬಾಗಿದ ಕತ್ತಿ ಹಿಡಿದ ಕೈ. ಉಗುರಿನಷ್ಟು ಚಿತ್ರದಲ್ಲಿ ಎರಡೂ ‘ಆಯುಧ ಹಿಡಿದ ಮುಷ್ಟಿ’. ನೋಡಬೇಕಾದದ್ದು ಅಲಗು ನೆಟ್ಟಗಿದೆಯೋ ಬಾಗಿದೆಯೋ ಎಂಬುದನ್ನು. ಇದು ಚಿಲ್ಲರೆ ವ್ಯತ್ಯಾಸ ಅಲ್ಲ. ಯುದ್ಧ ಮುಗಿದ ಮೇಲೆ 20ನೇ ಡಿವಿಜನ್ ಸೈಗಾನಿಗೆ, ಅಂದರೆ ಇವತ್ತಿನ ವಿಯೆಟ್ನಾಮಿಗೆ ಹೋಯಿತು.

ಹೆಚ್ಚು ತಕರಾರು ಹುಟ್ಟಿಸುವುದು ಹುಲಿ. ತೋಳಿನ ಮೇಲೆ ಹುಲಿ ಕಂಡರೆ ಸಾಕು, ‘ಆಜಾದ್ ಹಿಂದ್’ ಎಂದು ಬರೆಯುವ ಚಟ ನಮಗಿದೆ. ಇದಕ್ಕೆ ಬುಡವೇ ಇಲ್ಲ ಅಂತಲ್ಲ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳಲ್ಲಿ ಕೆಲವರು ಸುಭಾಷಚಂದ್ರ ಬೋಸರ ಕರೆಗೆ ಓಗೊಟ್ಟು ಜರ್ಮನಿಯಲ್ಲಿ ಕಟ್ಟಿದ ಆಜಾದ್ ಹಿಂದ್ ಲೀಜನ್ ಸೇರಿದ್ದು ನಿಜ. ಅವರ ತೋಳಿಗೆ ಕೇಸರಿ, ಬಿಳಿ, ಹಸಿರು ಪಟ್ಟಿಯ ಗುರಾಣಿ ಆಕಾರದ ಬಿಲ್ಲೆ ಇತ್ತು, ಅದರ ಮೇಲೆ ನೆಗೆಯುವ ಹುಲಿ ಇತ್ತು. ಆದರೆ ಆ ಬಿಲ್ಲೆಯ ತಲೆಯ ಮೇಲೆ ‘ಫ್ರೈಸ್ ಇಂಡಿಯನ್’, ಅಂದರೆ ಸ್ವತಂತ್ರ ಭಾರತ ಎಂದು ಜರ್ಮನ್ ಮಾತಿನಲ್ಲಿ ಬರೆದಿರುತ್ತದೆ. ಹಾಕಿಕೊಂಡ ಕೋಟು ಜರ್ಮನ್ ಸೇನೆಯದು, ಬಲಗಡೆ ಎದೆಕಿಸೆಯ ಮೇಲೆ ಸ್ವಸ್ತಿಕ ಹಿಡಿದ ಹದ್ದು ಇರುತ್ತದೆ. ಬ್ರಿಟಿಷ್ ನಮೂನೆಯ ಖಾಕಿ ಅಂಗಿ, ತೋಳಿನಲ್ಲಿ ತ್ರಿಕೋನ ದಾಟುವ ಹುಲಿ ಇದ್ದರೆ ಆತ 26ನೇ ಡಿವಿಜನ್ನಿನವನು. ಅವರು ಅರಾಕಾನಿನಲ್ಲಿ ಕಾದಿ, 1945ರ ಮೇ ತಿಂಗಳಲ್ಲಿ ಸಮುದ್ರದ ಕಡೆಯಿಂದ ರಂಗೂನಿಗೆ ಇಳಿದವರು. ಅವನಿಗೆ ನೇತಾಜಿಯ ಹೆಸರು ಹಚ್ಚಿದರೆ ಅವನಿಗೂ ನ್ಯಾಯ ಆಗಲಿಲ್ಲ, ನಿಜವಾಗಿ ಲೀಜನ್ ಸೇರಿದವನಿಗೂ ಆಗಲಿಲ್ಲ. ಒಬ್ಬನು ಸಂಬಳದ ನೌಕರಿಯಲ್ಲಿ ಉಳಿದ, ಇನ್ನೊಬ್ಬನು ಪ್ರಾಣಕ್ಕೆ ಎರವಾಗುವ ತೀರ್ಮಾನ ತೆಗೆದುಕೊಂಡ. ಇಬ್ಬರನ್ನೂ ಒಂದೇ ಹುಲಿಯ ಮೇಲೆ ಕೂಡಿಸಲು ಬರುವುದಿಲ್ಲ.

ಕಾಲದ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಕೆಲವು ಡಿವಿಜನ್ನುಗಳು ನಡುವೆಯೇ ಗುರುತು ಬದಲಿಸಿದವು. 17ನೆಯದು ಮೊದಲು ಮಿಂಚಿನ ಗೆರೆ, ಆಮೇಲೆ ಕರಿಬೆಕ್ಕು. ಕೆಲವು ಗುರುತುಗಳು ಸ್ವಾತಂತ್ರ್ಯದ ಮೇಲೂ ನಡೆದುಬಂದವು. ಕೆಂಪು ಹದ್ದು, ಕಠಾರಿ, 25ನೇ ಡಿವಿಜನ್ನಿನ ಇಸ್ಪೀಟ್ ಎಕ್ಕ ಇವು ಇಂದಿಗೂ ನಮ್ಮ ಸೇನೆಯಲ್ಲಿವೆ. 7ನೆಯದರ ಬಂಗಾರದ ಬಾಣವನ್ನು ಭಾರತವೂ ಇಟ್ಟುಕೊಂಡಿದೆ, ಪಾಕಿಸ್ತಾನವೂ ಇಟ್ಟುಕೊಂಡಿದೆ. ಆದ್ದರಿಂದ ಹದ್ದು ಕಂಡ ಮಾತ್ರಕ್ಕೆ ಫೋಟೋ 1942ರದು ಅನ್ನಲಾಗದು, 1971ರದೂ ಇರಬಹುದು. ಟೊಪ್ಪಿಗಿ ಬಿಲ್ಲೆಯ ತುದಿಯಲ್ಲಿ ಕಿರೀಟ ಇದೆಯೋ ಅಶೋಕನ ಸಿಂಹ ಇದೆಯೋ ನೋಡಿದರೆ ಅರ್ಧ ಜಗಳ ಮುಗಿಯುತ್ತದೆ. ಎದೆಯ ರಿಬ್ಬನ್ನುಗಳು ಬಲಗಡೆ ಇದ್ದರೆ ಫೋಟೋ ಉಲ್ಟಾ ಪ್ರಿಂಟ್ ಆಗಿದೆ ಎಂದು ತಿಳಿಯಬೇಕು. ಆಗ ಹದ್ದಿನ ಮುಖವೂ ಉಲ್ಟಾ ಇರುತ್ತದೆ. ಪತ್ರಿಕೆಗೆ ಕೊಟ್ಟ ಯುದ್ಧಕಾಲದ ಫೋಟೋ ಆಗಿದ್ದರೆ ತೋಳಿನ ಬಿಲ್ಲೆಯನ್ನು ಸೆನ್ಸಾರಿನವರೇ ಅಳಿಸಿರಬಹುದು. ಯಾವ ಡಿವಿಜನ್ ಎಲ್ಲಿದೆ ಎಂಬುದು ಶತ್ರುವಿಗೆ ತಿಳಿಯಬಾರದಲ್ಲ. ಅಚ್ಚಾದ ಪಟ್ಟಿಯಲ್ಲಿರುವಷ್ಟು ಚೊಕ್ಕ ಚಿತ್ರವನ್ನೂ ನಿರೀಕ್ಷಿಸಬಾರದು. ಬಜಾರಿನ ದರ್ಜಿ ಕಸೂತಿ ಹಾಕಿಕೊಟ್ಟ ಹುಂಜ ಒಮ್ಮೊಮ್ಮೆ ಪಾರಿವಾಳದಂತಿರುತ್ತದೆ.

ಇಷ್ಟೆಲ್ಲ ದಾಟಿ ಬಿಲ್ಲೆ ಯಾವುದು ಎಂದು ಖಾತ್ರಿ ಆಯಿತು ಅಂತ ಇಟ್ಟುಕೊಳ್ಳೋಣ. ನಿಜವಾದ ವಿಮರ್ಶೆ ಶುರುವಾಗುವುದು ಅಲ್ಲಿಂದ. ಬಿಲ್ಲೆಯಿಂದ ಡಿವಿಜನ್, ಡಿವಿಜನ್ನಿನಿಂದ ಯುದ್ಧ, ಯುದ್ಧದಿಂದ ಶೌರ್ಯ: ಹೀಗೆ ಮೂರು ಮೆಟ್ಟಿಲು ಹಾರುವ ರೂಢಿ ನಮ್ಮದೇ ಅಲ್ಲ. ಆಗಿನ ಸರಕಾರವೇ ಅದನ್ನು ಕಲಿಸಿತು. 1946ರಲ್ಲಿ ‘ದಿ ಟೈಗರ್ ಟ್ರಯಂಫ್ಸ್’ ಎಂಬ ಪುಸ್ತಕ ಬಂತು. ಇಟಲಿಯಲ್ಲಿ ಕಾದಿದ 4, 8, 10ನೇ ಡಿವಿಜನ್ನುಗಳ ಕಥೆ ಅದು. ಅಂಥ ಪುಸ್ತಕದಲ್ಲಿ ಕರ್ತೃಪದ ಡಿವಿಜನ್. ಡಿವಿಜನ್ ನದಿ ದಾಟುತ್ತದೆ, ಡಿವಿಜನ್ ಗುಡ್ಡ ಏರುತ್ತದೆ. ಪದಕ ಗಳಿಸಿದಾಗ ಸಿಪಾಯಿಗೆ ಹೆಸರು ಬರುತ್ತದೆ, ಉಳಿದ ಹೊತ್ತಿನಲ್ಲಿ ಆತ ಹದಿನೈದು ಸಾವಿರದಲ್ಲಿ ಒಬ್ಬ. ನಮ್ಮ ಅಡಿಬರಹವೂ ಆ ವಾಕ್ಯರಚನೆಯನ್ನೇ ಎತ್ತಿಕೊಂಡಿದೆ. ಡಿವಿಜನ್ ಮಾಡಿದ ಕ್ರಿಯಾಪದವನ್ನು ಮುತ್ಯಾನ ಹೆಸರಿನ ಮುಂದೆ ಇಡುತ್ತದೆ. ಆತ ಅಡಿಗೆಯವನಿದ್ದನೋ, ಹೇಸರಗತ್ತೆ ಹೊಡೆಯುತ್ತಿದ್ದನೋ, ಟೆಲಿಫೋನ್ ತಂತಿ ಎಳೆಯುತ್ತಿದ್ದನೋ ಬಿಲ್ಲೆಗೆ ಗೊತ್ತಿಲ್ಲ. ಅಡಿಗೆ ಮಾಡಿದ್ದು ಹೇಳಿಕೊಳ್ಳಲಾರದ ಕೆಲಸವೇನೂ ಅಲ್ಲ. ಆದರೂ ಗೋಡೆಯ ಮೇಲೆ ಒಬ್ಬ ಅಡಿಗೆಯವನ ಹೆಸರೂ ಕಾಣುವುದಿಲ್ಲ.

ಈಗ ಹುಂಜದ ಕಡೆ ಬರುತ್ತೇನೆ, ಯಾಕಂದ್ರ ಮರಾಠಾ ಪಲ್ಟಣದ ಮನೆಗಳಲ್ಲಿ ಅದನ್ನು ಓದುವುದು ಎಲ್ಲಕ್ಕಿಂತ ಕಷ್ಟ. 23ನೇ ಡಿವಿಜನ್ನಿನ ಮೊದಲ ಜನರಲ್ ರೆಜಿನಾಲ್ಡ್ ಸೇವರಿ. ಹಿಂದೂ, ಮುಸಲ್ಮಾನ, ಇಂಗ್ಲಿಷ್ ಸಿಪಾಯಿಗಳಲ್ಲಿ ಯಾರ ಮನಸ್ಸಿಗೂ ನೋವಾಗದ, ಕಾದಾಟದ ಕಸುವೂ ತೋರುವ ಪ್ರಾಣಿ ಎ೦ದು ಹುಂಜವನ್ನು ಆರಿಸಿದರೆಂದು ಹೇಳುತ್ತಾರೆ. ಹುಂಜದ ಕಾಳಗ ನೋಡಿ ಬೆಳೆದ ನಮ್ಮವರಿಗೆ ಅದು ಒಪ್ಪಿಗೆಯಾಗಿಯೇ ಇದ್ದೀತು. ಈ ಬಿಲ್ಲೆ ಹೊತ್ತ 4ನೇ ಮರಾಠಾ ಬಟಾಲಿಯನ್ 1944ರ ಮಾರ್ಚಿಯಲ್ಲಿ ಮಣಿಪುರದ ಸಾಂಗ್‌ಶಾಕ್ ಎಂಬ ಬೆಟ್ಟದ ಹಳ್ಳಿಯಲ್ಲಿ 50ನೇ ಪ್ಯಾರಾಶೂಟ್ ಬ್ರಿಗೇಡಿನ ಜೊತೆ ನಿಂತು ಜಪಾನಿ ಸೈನ್ಯವನ್ನು ದಿನಗಟ್ಟಲೆ ತಡೆಯಿತು. ಆ ತಡೆಯಿಂದ ಇಂಫಾಳ, ಕೊಹಿಮಾಗಳಿಗೆ ಸಿದ್ಧವಾಗಲು ಹೊತ್ತು ಸಿಕ್ಕಿತು. ‘ಬರ್ಮಾ ಗಡಿಯಲ್ಲಿ ಶೌರ್ಯ’ ಎಂಬ ಅಡಿಬರಹಕ್ಕೆ ಇಷ್ಟು ಆಧಾರ ಇದೆ, ಇಲ್ಲ ಅನ್ನುವುದಿಲ್ಲ.

ಆದರೆ ಹುಂಜ ಅಲ್ಲಿ ನಿಲ್ಲಲಿಲ್ಲ. 1945ರ ಆಗಸ್ಟ್ 15ರಂದು ಜಪಾನ್ ಸೋತಿತು. ಆಗಸ್ಟ್ 17ರಂದು ಇಂಡೋನೇಷ್ಯಾ ತನ್ನ ಸ್ವಾತಂತ್ರ್ಯ ಸಾರಿತು. ಜಪಾನಿಯರ ಆಯುಧ ಕಸಿದುಕೊಂಡು ಸೆರೆಯಾಳುಗಳನ್ನು ಬಿಡಿಸುವ ಕೆಲಸಕ್ಕೆಂದು 23ನೇ ಡಿವಿಜನ್ನನ್ನು ಜಾವಾಕ್ಕೆ ಕಳಿಸಿದರು. ಮರಾಠಾ ಬಟಾಲಿಯನ್ನುಗಳಿದ್ದ 49ನೇ ಬ್ರಿಗೇಡು ಅಕ್ಟೋಬರ್ 25ರಂದು ಸುರಬಾಯಾ ಬಂದರಿನಲ್ಲಿ ಇಳಿಯಿತು. ಅಲ್ಲಿಯ ಜನ ಇವರನ್ನು ಕಂಡದ್ದು ಡಚ್ಚರ ಆಳ್ವಿಕೆಯನ್ನು ಮತ್ತೆ ತರಲು ಬಂದವರೆಂದು. ಮೂರೇ ದಿನದಲ್ಲಿ ಊರೆಲ್ಲ ಬೆಂಕಿ. ಸಣ್ಣ ಸಣ್ಣ ಗುಂಪಾಗಿ ಊರಿನ ತುಂಬ ಹರಡಿದ್ದ ಸಿಪಾಯಿಗಳನ್ನು ಜನಸಾಗರ ಸುತ್ತುವರಿಯಿತು. ಅನೇಕರು ಗುಂಡು ತೀರಿದ ಮೇಲೆ ಸತ್ತರು. ಅಕ್ಟೋಬರ್ 30ರಂದು ಬ್ರಿಗೇಡಿಯರ್ ಮ್ಯಾಲಬಿ ಕೊಲೆಯಾದ. ಆಮೇಲೆ ಬಂದದ್ದು 5ನೇ ಡಿವಿಜನ್, ಅದೇ ಕೆರೆನ್ನಿನ ಬೆಂಕಿಚೆಂಡು. ನವೆಂಬರ್ 10ರಿಂದ ಹಡಗಿನ ತೋಪು, ವಿಮಾನ, ಟ್ಯಾಂಕು ಕೂಡಿ ಊರನ್ನು ಓಣಿ ಓಣಿಯಾಗಿ ಹಿಡಿಯಲು ಮೂರು ವಾರ ಹತ್ತಿತು. ಇಂಡೋನೇಷ್ಯಾ ಇವತ್ತಿಗೂ ನವೆಂಬರ್ 10ನ್ನು ತನ್ನ ವೀರರ ದಿನ ಎಂದು ಆಚರಿಸುತ್ತದೆ. ಅವರ ವೀರರ ಎದುರಿಗೆ ಬಂದೂಕು ಹಿಡಿದು ನಿಂತವರು ಬಹುಪಾಲು ಭಾರತದ ಹಳ್ಳಿಗಳ ಹುಡುಗರು.

ಇಲ್ಲಿ ಮನಸ್ಸು ಅಳುಕುತ್ತದೆ, ಅಳುಕಬೇಕು. ನಮ್ಮ ಸ್ವಾತಂತ್ರ್ಯಕ್ಕೆ ಇನ್ನೂ ಎರಡು ವರ್ಷ ಇದ್ದಾಗ, ಇನ್ನೊಂದು ದೇಶದ ಸ್ವಾತಂತ್ರ್ಯದ ಮೇಲೆ ನಮ್ಮ ಸಿಪಾಯಿಗಳನ್ನು ಬಿಡಲಾಗಿತ್ತು. ನೆಹರೂ ಮತ್ತು ಕಾಂಗ್ರೆಸ್ಸು ಆಗಲೇ ಇದನ್ನು ವಿರೋಧಿಸಿದರು. ಕೆಲವು ಭಾರತೀಯ ಸಿಪಾಯಿಗಳು ಬಂದೂಕು ಸಮೇತ ಆಚೆ ಬದಿಗೆ ಹೋದದ್ದೂ ಉಂಟು. ಹೆಚ್ಚಿನವರು ಹೋಗಲಿಲ್ಲ. ಹುಕುಂ ಪಾಲಿಸಿದರು, ಗೆಳೆಯರನ್ನು ಕಳಕೊಂಡರು, ಊರಿಗೆ ಬಂದರು. ಮನೆಯಲ್ಲಿ ಅದರ ಸುದ್ದಿ ಎತ್ತಿರಲಿಕ್ಕಿಲ್ಲ. ಯಾವ ಮುಖದಿಂದ ಎತ್ತಬೇಕು? ಅವರು ಬರುವ ಹೊತ್ತಿಗೆ ಇಲ್ಲಿ ಓಣಿ ಓಣಿಯಲ್ಲಿ ತಿರಂಗಾ ಹಾರುತ್ತಿತ್ತು.

23ನೇ ಡಿವಿಜನ್ನಿನ ಇತಿಹಾಸವನ್ನು ಡೌಲ್ಟನ್ ಎಂಬ ಅಧಿಕಾರಿ ಬರೆದಿದ್ದಾನೆ. ಪುಸ್ತಕದ ಹೆಸರೇ ‘ದಿ ಫೈಟಿಂಗ್ ಕಾಕ್’, ಕಾದಾಡುವ ಹುಂಜ. ಅದು ಇಂಗ್ಲಿಷ್ ಅಧಿಕಾರಿಯ ಕಣ್ಣಿನಿಂದಲೇ ಬರೆದದ್ದಿರಬಹುದು. ಆದರೆ ಅದರ ಕಥೆ 1942ರಿಂದ 1947ರವರೆಗೆ ನಡೆಯುತ್ತದೆ. ನಮ್ಮ ಅಡಿಬರಹ 1945ರ ಆಗಸ್ಟಿಗೇ ನಿಂತುಬಿಡುತ್ತದೆ.

‘ಹಬ್ಬದ ದಿನ ಮಕ್ಕಳ ಮುಂದೆ ಇದೆಲ್ಲ ಯಾಕ್ರಿ?’ ಎಂದು ಕೇಳುವವರಿದ್ದಾರೆ. ಮುತ್ಯಾನ ಮಾನ ತೆಗೆದಂತಾಗುತ್ತದೆ ಎಂಬ ಭಯ ಅದರಲ್ಲಿದೆ. ನನಗೆ ಹಾಗೆ ಕಾಣುವುದಿಲ್ಲ. ಜಾವಾಕ್ಕೆ ಕಳಿಸಿದ್ದು ಮುತ್ಯಾ ಅಲ್ಲ. ಅಲ್ಲಿ ಹೋಗಿ ಸತ್ತವನ ಹೆಸರಿನ ಮುಂದೆ ‘ಬರ್ಮಾ’ ಎಂದು ಬರೆದರೆ ಆತ ಎಲ್ಲಿ ಸತ್ತ ಎಂಬುದನ್ನೂ ನಾವು ಕಸಿದುಕೊಂಡ ಹಾಗೆ. ಹತ್ತನೇ ಇಯತ್ತೆಯ ಹುಡುಗಿಗೆ ಇಂಡೋನೇಷ್ಯಾ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಲು ಬರುತ್ತದೆ. ತನ್ನ ಮುತ್ಯಾನ ಅಪ್ಪ ಅಲ್ಲಿಗೆ ಯಾಕೆ ಹೋಗಿದ್ದ ಎಂದು ಕೇಳುವ ತಿಳಿವಳಿಕೆಯೂ ಇರುತ್ತದೆ.

ಹುಂಜ ಕಂಡ ಮಾತ್ರಕ್ಕೆ ಸುರಬಾಯಾ ಎಂದು ಬರೆದರೂ ಅದೇ ತಪ್ಪು ಇನ್ನೊಂದು ಬದಿಯಿಂದ ಮಾಡಿದಂತಾಗುತ್ತದೆ. ಬಿಲ್ಲೆಯ ಹತ್ತಿರ ನಿಲ್ಲದೆ ಟ್ರಂಕಿನ ಕಡೆ ಹೋಗಬೇಕು. ಬರ್ಮಾದಲ್ಲಿದ್ದವರಿಗೆ ಬರ್ಮಾ ಸ್ಟಾರ್ ಸಿಕ್ಕಿರುತ್ತದೆ, ಇಟಲಿಯಲ್ಲಿದ್ದವರಿಗೆ ಇಟಲಿ ಸ್ಟಾರ್. ಜಾವಾ, ಸುಮಾತ್ರಾ, ಸೈಗಾನಿಗೆ ಹೋದವರಿಗೆ ಕೊಟ್ಟದ್ದು ನಕ್ಷತ್ರದ ಆಕಾರದ್ದಲ್ಲ, ರೂಪಾಯಿಯಂಥ ದುಂಡನೆಯ ಜನರಲ್ ಸರ್ವಿಸ್ ಮೆಡಲ್. ನೇರಳೆ ರಿಬ್ಬನ್ನು, ನಡುವೆ ಹಸಿರು ಪಟ್ಟಿ. ರಿಬ್ಬನ್ನಿನ ಮೇಲಿನ ಲೋಹದ ಪಟ್ಟಿಯಲ್ಲಿ ‘ಎಸ್.ಇ. ಏಷ್ಯಾ 1945-46’ ಎಂದು ಇರುತ್ತದೆ. ಪದಕದ ಅಂಚನ್ನು ಹುಣಸೆಹಣ್ಣು ಹಚ್ಚಿ ತಿಕ್ಕದೆ, ಬರೀ ಅರಿವೆಯಿಂದ ಒರೆಸಿ, ಬೆಳಕಿಗೆ ತಿರುಗಿಸಿದರೆ ನಂಬರು, ಹೆಸರು, ರೆಜಿಮೆಂಟು ಕೆತ್ತಿದ್ದು ಓದಲು ಸಿಗುತ್ತದೆ. ಆ ನಂಬರು ಹಿಡಿದುಕೊಂಡು, ಡಿಸ್ಚಾರ್ಜ್ ಪುಸ್ತಕ ಉಳಿದಿದ್ದರೆ ಅದನ್ನೂ ಜೊತೆಗಿಟ್ಟುಕೊಂಡು, ಪಲ್ಟಣದ ರೆಕಾರ್ಡ್ ಆಫೀಸಿಗೆ ಕಾಗದ ಬರೆಯಬಹುದು. ಮರಾಠಾ ಪಲ್ಟಣದ್ದು ಬೆಳಗಾವಿಯಲ್ಲೇ ಇದೆ.

ಅದೆಲ್ಲ ಆಗುವ ತನಕ ಹುಂಜದ ಫೋಟೋದ ಕೆಳಗೆ ಏನು ಬರೆಯಬೇಕು ಎಂದು ಮಾಸ್ತರು ಕೇಳಿದರೆ ನಾನು ಹೇಳುವುದು ಇಷ್ಟು: ಹೆಸರು, ಊರು. ಟೊಪ್ಪಿಗಿ ಬಿಲ್ಲೆಯಿಂದ ಮರಾಠಾ ಲೈಟ್ ಇನ್‌ಫಂಟ್ರಿ. ತೋಳಿನ ಮೇಲೆ 23ನೇ ಡಿವಿಜನ್ನಿನ ಹುಂಜ. ಈ ಡಿವಿಜನ್ 1942ರಿಂದ 1944ರವರೆಗೆ ಮಣಿಪುರ ಗಡಿಯಲ್ಲಿ, 1945-46ರಲ್ಲಿ ಜಾವಾದಲ್ಲಿ ಇತ್ತು. ಇವರು ಎಲ್ಲಿದ್ದರೆಂದು ಮನೆಯವರಿಗೆ ಗೊತ್ತಿದ್ದರೆ ಕೆಳಗೆ ಬರೆಯಿರಿ. ಅದರ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟು, ಒಂದು ಪೆನ್ಸಿಲ್ಲನ್ನು ದಾರ ಕಟ್ಟಿ ತೂಗಬಿಡಿರಿ.